ಕರೆಂಟ್ ಹೋಗಿ ಬಂದ ಮೇಲೆ ಜೆಲ್ಲಿಫಿನ್‌ನಲ್ಲಿ ಸಿನಿಮಾ ಇಲ್ಲ, ಡುಪ್ಲಿಕಾಟಿಯಲ್ಲಿ ಬ್ಯಾಕಪ್ ಇಲ್ಲ, ಡಿಸ್ಕ್‌ನಲ್ಲಿ ಮಾತ್ರ ಎಲ್ಲ ಇದೆ!

ಪ್ರಶ್ನೆ (ಬಾಗಲಕೋಟೆ, ನವನಗರ):

ಮೇಡಮ್ ನಮಸ್ಕಾರ್ರೀ. ಸ್ವಲ್ಪ ಉದ್ದ ಇದೆ, ಓದಿಬಿಡಿ.

ಮನೆಯಲ್ಲಿ ಒಂದು ಹಳೇ ಆಫೀಸ್ ಪಿಸಿಯನ್ನೇ ಸರ್ವರ್ ಮಾಡಿ ಇಟ್ಟಿದ್ದೇನೆ. ಡೆಬಿಯನ್ 12 ಲಿನಕ್ಸ್, 8 ಜಿಬಿ ರ‍್ಯಾಮ್. 120 ಜಿಬಿ ಎಸ್‌ಎಸ್‌ಡಿ ಮೇಲೆ ಸಿಸ್ಟಮ್ ಮತ್ತು ಡಾಕರ್ (ಪ್ರೋಗ್ರಾಮ್‌ಗಳನ್ನು ‘ಕಂಟೇನರ್’ ಅನ್ನುವ ಬೇರೆ ಬೇರೆ ಡಬ್ಬಿಯೊಳಗೆ ಓಡಿಸುವ ಸಾಫ್ಟ್‌ವೇರ್). ಒಳಗಿನ 1 ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ ಮನೆಯ ಫೋಟೋ, ಮತ್ತೆ ನಮ್ಮ ಅಪ್ಪ ಊರೂರು ತಿರುಗಿ ಟೇಪ್ ಮಾಡಿಕೊಂಡಿದ್ದ ಶ್ರೀಕೃಷ್ಣ ಪಾರಿಜಾತದ ಆಟಗಳು. ಆ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರ್‌ಗೆ ಇಳಿಸಿ ಇಟ್ಟಿದ್ದೇನೆ. ಎಲ್ಲ ಸೇರಿ 300 ಜಿಬಿ. ಹೊರಗಡೆ ಯುಎಸ್‌ಬಿಗೆ 4 ಟಿಬಿ ದೊಡ್ಡ ಡಿಸ್ಕ್, ಅದಕ್ಕೆ ಬೇರೆ ಅಡಾಪ್ಟರ್. ಅದರಲ್ಲಿ ಸಿನಿಮಾ ಒಂದು ಫೋಲ್ಡರ್, ಬ್ಯಾಕಪ್ ಒಂದು ಫೋಲ್ಡರ್. ಸಿನಿಮಾ ತೋರಿಸುವ ಜೆಲ್ಲಿಫಿನ್ ಮತ್ತು ಬ್ಯಾಕಪ್ ಮಾಡುವ ಡುಪ್ಲಿಕಾಟಿ ಎರಡೂ ಕಂಟೇನರ್‌ನಲ್ಲಿ ಓಡುತ್ತವೆ.

ಮೊನ್ನೆ ರಾತ್ರಿ ಕರೆಂಟ್ ಹೋಗಿ ಬಂತು. ಪಿಸಿ ತಾನೇ ಆನ್ ಆಯಿತು. ಬೆಳಿಗ್ಗೆ ನೋಡಿದರೆ ಜೆಲ್ಲಿಫಿನ್‌ನಲ್ಲಿ ಪೋಸ್ಟರ್ ಎಲ್ಲ ಕಾಣುತ್ತವೆ, ಸಿನಿಮಾ ಒತ್ತಿದರೆ ಪ್ಲೇ ಆಗುವುದಿಲ್ಲ. ಪಾರಿಜಾತದ ರೆಕಾರ್ಡಿಂಗ್ ಮಾತ್ರ ಸರಿಯಾಗಿ ಓಡುತ್ತವೆ. ಡುಪ್ಲಿಕಾಟಿ ಕೆಂಪು ಪಟ್ಟಿ ತೋರಿಸಿ, ಬ್ಯಾಕಪ್ ಜಾಗದಲ್ಲಿ ಇರಬೇಕಾದ ಫೈಲ್‌ಗಳು ಕಾಣೆಯಾಗಿವೆ, ರಿಪೇರ್ ಮಾಡಿ ಅಂದಿತು. ರಿಪೇರ್ ಒತ್ತಿದೆ, ಆಗಲಿಲ್ಲ. ಬ್ಯಾಕಪ್ಪೇ ಹೋಯಿತು ಅಂತ ಗಾಬರಿಯಾಗಿ ಅದೇ ಜಾಗಕ್ಕೆ ಹೊಸ ಬ್ಯಾಕಪ್ ಶುರು ಮಾಡಿದೆ. ಸಂಜೆ ಹೊತ್ತಿಗೆ ಎಸ್‌ಎಸ್‌ಡಿ 100% ತುಂಬಿ, ಈಗ ಎರಡೂ ಕಂಟೇನರ್ ‘ರೀಸ್ಟಾರ್ಟಿಂಗ್’ ಅಂತಲೇ ಇವೆ.

ವಿಚಿತ್ರ ಏನೆಂದರೆ, ಎಸ್‌ಎಸ್‌ಎಚ್‌ನಲ್ಲಿ (ಬೇರೆ ಕಂಪ್ಯೂಟರ್‌ನಿಂದ ಕಮಾಂಡ್ ಹಾಕುವ ದಾರಿ) ಹೋಗಿ ನೋಡಿದರೆ 4 ಟಿಬಿ ಡಿಸ್ಕ್‌ನಲ್ಲಿ ಸಿನಿಮಾನೂ ಇವೆ, ಹಳೇ ಬ್ಯಾಕಪ್ ಫೈಲ್‌ಗಳೂ ಇವೆ. ಎಸ್‌ಎಸ್‌ಡಿಯಲ್ಲಿ ಫೈಲ್‌ಗಳ ಗಾತ್ರ ಕೂಡಿಸುವ ಡಿಯು ಕಮಾಂಡ್ ಹಾಕಿದರೆ ಎಲ್ಲ ಸೇರಿ 30 ಜಿಬಿ ಕೂಡ ಆಗುತ್ತಿಲ್ಲ, ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ ತೋರಿಸುವ ಡಿಎಫ್ ಹಾಕಿದರೆ ತುಂಬಿದೆ ಅನ್ನುತ್ತದೆ. ಡಾಕರ್ ಪೂರ್ತಿ ಕಿತ್ತು ಹೊಸದಾಗಿ ಹಾಕಲಾ?

ಉತ್ತರ (ಬೆಳಗಾವಿ, ಸರ್ವರ್ ನಿರ್ವಹಣೆ ಮಾಡುವವಳು):

ಬೇಡ್ರೀ. ಏನನ್ನೂ ಕೀಳಬೇಡಿ, ಏನನ್ನೂ ಅಳಿಸಬೇಡಿ. ಡುಪ್ಲಿಕಾಟಿಯಲ್ಲಿ ಇನ್ನೊಂದು ಬಟನ್ ಒತ್ತಬೇಡಿ. ಮೊದಲು ಎರಡೂ ಕಂಟೇನರ್ ನಿಲ್ಲಿಸಿ.

ನಿಮ್ಮ ಬ್ಯಾಕಪ್ ಎಲ್ಲೂ ಹೋಗಿಲ್ಲ. ತಪ್ಪು ಜೆಲ್ಲಿಫಿನ್‌ದೂ ಅಲ್ಲ, ಡುಪ್ಲಿಕಾಟಿದೂ ಅಲ್ಲ. ನೀವೇ ಸುಳಿವು ಕೊಟ್ಟಿದ್ದೀರಿ: ಒಳಗಿನ ಡಿಸ್ಕ್‌ನ ಪಾರಿಜಾತ ಓಡುತ್ತದೆ, ಹೊರಗಿನ ಡಿಸ್ಕ್‌ನ ಸಿನಿಮಾ ಓಡುವುದಿಲ್ಲ. ಕೆಟ್ಟ ಎರಡೂ ಕೆಲಸಗಳು ಅದೇ 4 ಟಿಬಿ ಡಿಸ್ಕ್ ಮೇಲೆ ನಿಂತಿವೆ.

ಆಗಿದ್ದು ಇಷ್ಟು. ಹೊರಗಿನ ದೊಡ್ಡ ಡಿಸ್ಕ್ ತಿರುಗಲು ಶುರುವಾಗುವುದಕ್ಕೇ ಹಲವು ಸೆಕೆಂಡು ಬೇಕು, ದಿಢೀರ್ ಕರೆಂಟ್ ಹೋಗಿದ್ದರೆ ಫೈಲ್‌ಸಿಸ್ಟಮ್ ಪರೀಕ್ಷೆಯೂ ನಡೆದು ಇನ್ನೂ ತಡವಾಗುತ್ತದೆ. ಎಸ್‌ಎಸ್‌ಡಿ ಪಟ್ ಅಂತ ಏಳುತ್ತದೆ. ಬೂಟ್ ಹೊತ್ತಿಗೆ ಯಾವ ಡಿಸ್ಕನ್ನು ಯಾವ ಫೋಲ್ಡರ್‌ಗೆ ಜೋಡಿಸಬೇಕು (ಅದೇ ‘ಮೌಂಟ್’) ಅಂತ ಬರೆದಿರುವ ನಿಮ್ಮ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಆ ಡಿಸ್ಕ್‌ನ ಸಾಲಿಗೆ ‘ನೋಫೇಲ್’ ಇದೆಯಾ ನೋಡಿ, ಇದ್ದೇ ಇರುತ್ತದೆ. ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲಬಾರದು ಅಂತ ಎಲ್ಲರೂ ಹಾಕುತ್ತಾರೆ. ಒಳ್ಳೆಯದೇ. ಆದರೆ ನೋಫೇಲ್ ಹಾಕಿದ ಮೇಲೆ ಆ ಡಿಸ್ಕ್‌ಗೆ ಯಾರೂ ಕಾಯುವುದಿಲ್ಲ, ಡಾಕರ್ ಕೂಡ. ಡಿಸ್ಕ್ ಬರುವ ಮೊದಲೇ ಡಾಕರ್ ಎದ್ದಿತು. ಕಾಂಪೋಸ್ ಫೈಲ್‌ನಲ್ಲಿ (ಕಂಟೇನರ್‌ಗಳ ಸೆಟ್ಟಿಂಗ್ ಇರುವ ಫೈಲ್) ಹೇಳಿದ ‘ಸಿನಿಮಾ’, ‘ಬ್ಯಾಕಪ್’ ಫೋಲ್ಡರ್ ಸಿಗಲಿಲ್ಲ. ಸಿಗದಿದ್ದರೆ ಅದು ಜಗಳ ಮಾಡುವುದಿಲ್ಲ. ಸುಮ್ನೆ ಅದೇ ಹೆಸರಿನ ಖಾಲಿ ಫೋಲ್ಡರ್ ತಾನೇ ಮಾಡಿಕೊಳ್ಳುತ್ತದೆ. ಎಲ್ಲಿ? ಡಿಸ್ಕ್ ಮೌಂಟ್ ಆಗಬೇಕಿದ್ದ ಜಾಗದಲ್ಲಿ, ಅಂದರೆ ನಿಮ್ಮ ಎಸ್‌ಎಸ್‌ಡಿ ಮೇಲೆ.

ಸ್ವಲ್ಪ ಹೊತ್ತಿಗೆ ನಿಜವಾದ ಡಿಸ್ಕ್ ಬಂದು ಅದೇ ಜಾಗದ ಮೇಲೆ ಮೌಂಟ್ ಆಯಿತು. ನಿಮಗೆ ಎಸ್‌ಎಸ್‌ಎಚ್‌ನಲ್ಲಿ ಕಾಣುವುದು ಅದು. ಕಂಟೇನರ್ ಮಾತ್ರ ತಾನು ಎದ್ದಾಗ ಹಿಡಿದುಕೊಂಡ ಖಾಲಿ ಫೋಲ್ಡರನ್ನೇ ಹಿಡಿದು ಕೂತಿರುತ್ತದೆ. ಹೋಸ್ಟ್‌ನಲ್ಲಿ, ಅಂದರೆ ಪಿಸಿಯಲ್ಲಿ, ಆಮೇಲೆ ಆದ ಮೌಂಟ್ ಕಂಟೇನರ್ ಒಳಗೆ ತಾನಾಗಿ ಹೋಗುವುದಿಲ್ಲ, ಡಾಕರ್‌ನ ಮೂಲ ಸೆಟ್ಟಿಂಗೇ ಹಾಗಿದೆ. ಹಾಗಾಗಿ ನೀವು ಶುರು ಮಾಡಿದ ಹೊಸ ಬ್ಯಾಕಪ್ ಹೋಗಿದ್ದು ಎಸ್‌ಎಸ್‌ಡಿಗೆ. 300 ಜಿಬಿಯನ್ನು 120ರೊಳಗೆ ತುರುಕಲು ಹೋಗಿ ತುಂಬಿತು. ಡಿಯುಗೆ ಅದು ಕಾಣದಿರುವುದು ಯಾಕೆಂದರೆ ಅದರ ಮೇಲೆ ಈಗ 4 ಟಿಬಿ ಡಿಸ್ಕ್ ಕೂತಿದೆ. ಚಾಪೆ ಕೆಳಗಿನ ಕಸ ಚಾಪೆ ಎತ್ತಿದರಷ್ಟೇ ಕಾಣುತ್ತದೆ.

ಈಗ ತೆಗೆಯುವ ಕ್ರಮ. ಇಲ್ಲಿ ನಿಧಾನ ಮಾಡಿ. ಸುಮಾರು ಜನ ಡಿಸ್ಕನ್ನು ಅನ್‌ಮೌಂಟ್ ಮಾಡಿ, ಕೆಳಗಿನದನ್ನು ಆರ್‌ಎಂ ಹಾಕಿ ಅಳಿಸಿ ಅನ್ನುತ್ತಾರೆ. ನಾನು ಅದನ್ನು ಹೇಳುವುದಿಲ್ಲ. ‘ಡಿಸ್ಕ್ ಬ್ಯುಸಿ’ ಅಂತ ಅನ್‌ಮೌಂಟ್ ಆಗದೇ ಉಳಿದು, ನೀವು ಆ ಸಾಲು ಓದದೇ ಆರ್‌ಎಂ ಹೊಡೆದರೆ, ಅಳಿಯುವುದು ನಿಜವಾದ ಬ್ಯಾಕಪ್. ಅದರ ಬದಲು ಒಂದು ಖಾಲಿ ಫೋಲ್ಡರ್ ಮಾಡಿ, ಹೆಸರು ‘ಕೆಳಗೆ’ ಅಂತಲೇ ಇಡಿ, ರೂಟ್ ಫೋಲ್ಡರನ್ನು (ಎಲ್ಲಕ್ಕಿಂತ ಮೇಲಿನ ‘/’) ಮೌಂಟ್ ಕಮಾಂಡ್‌ನ ಬೈಂಡ್ ಆಯ್ಕೆಯಿಂದ ಅದರ ಮೇಲೆ ಕೂರಿಸಿ. ಆ ನೋಟದಲ್ಲಿ ಎಸ್‌ಎಸ್‌ಡಿಯಲ್ಲಿ ಇರುವುದು ಮಾತ್ರ ಕಾಣುತ್ತದೆ, ಮೇಲೆ ಕೂತ ಡಿಸ್ಕ್ ಕಾಣುವುದಿಲ್ಲ. ಅಲ್ಲಿ ಆ ಬ್ಯಾಕಪ್ ಫೋಲ್ಡರ್ ಒಳಗೆ ಹೋದರೆ ‘ಡಿಬ್ಲಾಕ್’ ಅಂತ ಹೆಸರಿರುವ ಒಂದೇ ಗಾತ್ರದ ಫೈಲ್‌ಗಳು ಸಾಲಾಗಿ ಇರುತ್ತವೆ. ನೀವು ಗಾತ್ರ ಬದಲಿಸಿಲ್ಲದಿದ್ದರೆ ಒಂದೊಂದೂ ಹತ್ತಿರ ಹತ್ತಿರ 50 ಎಂಬಿ. ತಾರೀಖು ನೋಡಿ. ಎಲ್ಲ ಮೊನ್ನೆಯ ನಂತರದವೇ ಆಗಿರಬೇಕು. ಒಂದೇ ಒಂದು ಹಳೇ ತಾರೀಖು ಕಂಡರೂ ನಿಲ್ಲಿಸಿ ಇಲ್ಲಿ ಬರೆಯಿರಿ.

ಸದ್ಯಕ್ಕೆ ಇಷ್ಟು ಮಾಡಿ ಬನ್ನಿ. ಮತ್ತೆ ಆಗದಂತೆ ಮಾಡುವುದನ್ನು ಆಮೇಲೆ ಹೇಳುತ್ತೇನೆ.

ಪ್ರಶ್ನೆ ಕೇಳಿದವರು:

ಮೇಡಮ್, ನೀವು ಹೇಳಿದ ಹಾಗೇ ಇದೆ! ಕೆಳಗೆ 80 ಜಿಬಿಗಿಂತ ಜಾಸ್ತಿ ಕೂತಿತ್ತು, ಎಲ್ಲ ಹೊಸ ತಾರೀಖಿನವೇ. ‘ಸಿನಿಮಾ’ ಫೋಲ್ಡರೂ ಇತ್ತು, ಖಾಲಿ. ಎರಡನ್ನೂ ತೆಗೆದೆ. ಎಸ್‌ಎಸ್‌ಡಿ ಈಗ 24% ಅನ್ನುತ್ತಿದೆ. ನೋಫೇಲ್ ಕೂಡ ಇದೆ, ನಾನೇ ಹಾಕಿದ್ದು.

ಆದರೆ ಡುಪ್ಲಿಕಾಟಿಯಲ್ಲಿ ಹಳೇ ಕೆಲಸವನ್ನು ಗಾಬರಿಯಲ್ಲಿ ಡಿಲೀಟ್ ಮಾಡಿಬಿಟ್ಟಿದ್ದೇನೆ. ಫೈಲ್ ಡಿಲೀಟ್ ಮಾಡಿಲ್ಲ, ಕೆಲಸದ ಸೆಟ್ಟಿಂಗ್ ಮಾತ್ರ.

ಉತ್ತರ:

ಪರವಾಗಿಲ್ಲ. ಪಾಸ್‌ಫ್ರೇಸ್ ನೆನಪಿದೆ ಅಲ್ವಾ? ಅದಿದ್ದರೆ ಎಲ್ಲ ಇದೆ, ಅದಿಲ್ಲದಿದ್ದರೆ ಎನ್‌ಕ್ರಿಪ್ಟ್ ಆದ ಆ ಫೈಲ್‌ಗಳನ್ನು ನಾನೂ ತೆರೆಯಲಾರೆ, ಡುಪ್ಲಿಕಾಟಿ ಬರೆದವರೂ ತೆರೆಯಲಾರರು.

ಕಂಟೇನರ್ ಚಾಲೂ ಮಾಡಿ. ಮೊದಲು ಡಾಕರ್ ಎಕ್ಸೆಕ್‌ನಿಂದ ಕಂಟೇನರ್ ಒಳಗೆ ಹೋಗಿ ಬ್ಯಾಕಪ್ ಫೋಲ್ಡರ್ ಪಟ್ಟಿ ನೋಡಿ. ಹೋಸ್ಟ್‌ನಲ್ಲಿ ಕಾಣುವುದೂ ಅಲ್ಲಿ ಕಾಣುವುದೂ ಒಂದೇ ಇರಬೇಕು. ಕಂಟೇನರ್‌ನಲ್ಲಿ ಏನೋ ಮಾಯವಾಯಿತು ಅಂದಾಗಲೆಲ್ಲ ನಾನು ಮೊದಲು ಮಾಡುವುದು ಇದೊಂದೇ, ಲಾಗ್ ಓದುವುದು ಅದರ ನಂತರ. ಆಮೇಲೆ ಅದೇ ಜಾಗ, ಅದೇ ಪಾಸ್‌ಫ್ರೇಸ್ ಕೊಟ್ಟು ಕೆಲಸವನ್ನು ಮತ್ತೆ ಮಾಡಿ. ಓಡಿಸುವ ಮೊದಲು ಡೇಟಾಬೇಸ್ ಪುಟದಲ್ಲಿ ‘ರೀಕ್ರಿಯೇಟ್’ ಕೊಡಿ. ಡುಪ್ಲಿಕಾಟಿ ತನ್ನ ಲೆಕ್ಕದ ಪುಸ್ತಕವನ್ನು ಹಳೇ ಫೈಲ್‌ಗಳಿಂದಲೇ ಮತ್ತೆ ಬರೆದುಕೊಳ್ಳುತ್ತದೆ. ಹೊತ್ತು ಹಿಡಿಯುತ್ತದೆ, ಮಧ್ಯೆ ನಿಲ್ಲಿಸಬೇಡಿ.

ಅದು ಮುಗಿದ ಮೇಲೆ ಪಾರಿಜಾತದ ಒಂದು ರೆಕಾರ್ಡಿಂಗ್ ಬೇರೆ ಫೋಲ್ಡರ್‌ಗೆ ರೀಸ್ಟೋರ್ ಮಾಡಿ, ಪೂರ್ತಿ ಕೇಳಿ. ಹಸಿರು ಟಿಕ್ ನೋಡಿ ಸಮಾಧಾನ ಪಡಬೇಡಿ. ನಿಮ್ಮ ಎಸ್‌ಎಸ್‌ಡಿ 500 ಜಿಬಿ ಇದ್ದಿದ್ದರೆ ಆ ತಪ್ಪು ಜಾಗದ ಬ್ಯಾಕಪ್ಪೂ ಹಸಿರು ಟಿಕ್ ತೋರಿಸುತ್ತಿತ್ತು. ನೀವು ತಿಂಗಳುಗಟ್ಟಲೆ ನಂಬಿ ಕೂರುತ್ತಿದ್ದಿರಿ.

ಈಗ ಶಾಶ್ವತ ಪರಿಹಾರ. ಮೂರು ಬೀಗ ಹಾಕೋಣ.

ಒಂದು, ಎಫ್‌ಎಸ್‌ಟ್ಯಾಬ್‌ನಲ್ಲಿ ಡಿಸ್ಕನ್ನು ಎಸ್‌ಡಿಬಿ, ಎಸ್‌ಡಿಸಿ ಅಂತ ಬರೆದಿದ್ದರೆ ಬದಲಿಸಿ ಯುಯುಐಡಿ (ಡಿಸ್ಕ್‌ನ ಸ್ವಂತ ಗುರುತಿನ ಸಂಖ್ಯೆ) ಹಾಕಿ. ಯುಎಸ್‌ಬಿ ಡಿಸ್ಕ್‌ಗಳ ಆ ಅಕ್ಷರ ಪ್ರತಿ ಬೂಟ್‌ಗೂ ಒಂದೇ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ನೋಫೇಲ್ ಇರಲಿ.

ಎರಡು, ಡಾಕರ್ ಸರ್ವೀಸ್‌ಗೆ ಸಿಸ್ಟಮ್‌ಸಿಟಿಎಲ್ ಎಡಿಟ್ ಕೊಟ್ಟು, ಯೂನಿಟ್ ಭಾಗದಲ್ಲಿ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಅನ್ನುವ ಸಾಲು ಸೇರಿಸಿ, ಮೂರೂ ಪದ ಕೂಡಿಸಿ, ಪ್ರತಿ ಪದದ ಮೊದಲಕ್ಷರ ದೊಡ್ಡದು. ಅದರ ಮುಂದೆ ಡಿಸ್ಕ್ ಮೌಂಟ್ ಆಗುವ ದಾರಿ. ಇನ್ನು ಡಾಕರ್ ಆ ಡಿಸ್ಕ್ ಬರುವತನಕ ಕಾಯುತ್ತದೆ. ಬರದೇ ಇದ್ದರೆ, ಸಾಮಾನ್ಯವಾಗಿ 90 ಸೆಕೆಂಡು ಕಾದು, ತಾನೂ ಏಳುವುದಿಲ್ಲ. ಒಂದು ಡಿಸ್ಕ್‌ಗಾಗಿ ಎಲ್ಲ ಕಂಟೇನರ್ ನಿಲ್ಲಿಸುವುದು ಜಾಸ್ತಿ ಆಯಿತು ಅನಿಸಬಹುದು. ಮನೆ ಸರ್ವರ್‌ಗೆ ನನಗೆ ಅದೇ ಇಷ್ಟ. ಸಿನಿಮಾ ಬರಲಿಲ್ಲ ಅಂದರೆ ಮನೆಯವರೇ ಬಂದು ಹೇಳುತ್ತಾರೆ. ಬ್ಯಾಕಪ್ ತಪ್ಪು ಜಾಗಕ್ಕೆ ಹೋದರೆ ಯಾರೂ ಬಂದು ಹೇಳುವುದಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು. ಡಿಸ್ಕ್ ಅನ್‌ಮೌಂಟ್ ಆಗಿರುವಾಗ, ಆಗಿದೆ ಅಂತ ಡಿಎಫ್‌ನಲ್ಲಿ ಖಾತ್ರಿ ಮಾಡಿಕೊಂಡು, ಆ ಖಾಲಿ ಮೌಂಟ್ ಜಾಗಕ್ಕೆ ಸಿಎಚ್‌ಆಟ್ರ್ ಕಮಾಂಡ್‌ನಿಂದ ಪ್ಲಸ್ ಐ ಹಾಕಿ. ಆಮೇಲೆ ಡಿಸ್ಕ್ ಇಲ್ಲದಾಗ ಪೂರ್ತಿ ಅಧಿಕಾರ ಇರುವ ರೂಟ್ ಬಳಕೆದಾರರಿಗೂ ಅಲ್ಲಿ ಏನನ್ನೂ ಬರೆಯಲು ಆಗುವುದಿಲ್ಲ. ಡಾಕರ್ ಫೋಲ್ಡರ್ ಮಾಡಲು ಹೋದರೆ ‘ಆಪರೇಷನ್ ನಾಟ್ ಪರ್ಮಿಟೆಡ್’ ಅಂತ ಜೋರಾಗಿ ಬೀಳುತ್ತದೆ. ಡಿಸ್ಕ್ ಮೌಂಟ್ ಆಗುವುದಕ್ಕೆ ಇದರಿಂದ ತೊಂದರೆ ಇಲ್ಲ.

ಮಧ್ಯೆ ಒಂದು ಪ್ರಶ್ನೆ (ವಿಜಯಪುರ, ವಿದ್ಯಾರ್ಥಿ):

ಅಕ್ಕಾ, ನನ್ನ ಜೆಲ್ಲಿಫಿನ್ ಲೈಬ್ರರಿ ಸ್ಕ್ಯಾನ್ ಮಾಡುವಾಗ ಅರ್ಧಕ್ಕೆ ಸತ್ತುಹೋಗುತ್ತದೆ. ‘ಎಕ್ಸಿಟೆಡ್ 137’ ಅಂತ ಇರುತ್ತದೆ. ಲಾಗ್‌ನಲ್ಲಿ ಏನೂ ಇಲ್ಲ. 2 ಜಿಬಿ ರ‍್ಯಾಮ್ ಹಳೇ ಲ್ಯಾಪ್‌ಟಾಪ್. ಇಲ್ಲಿನ ಬಿಸಿಲಿಗೆ ಕಾದು ಹಾಗಾಗುತ್ತದಾ?

ಉತ್ತರ:

ಬಿಸಿಲಿನ ಮೇಲೆ ಹಾಕಬೇಡ ತಮ್ಮಾ. 137 ಅಂದರೆ 128 ಪ್ಲಸ್ 9. ಒಂಬತ್ತನೇ ಸಿಗ್ನಲ್ ಕೊಟ್ಟು ಯಾರೋ ಕೊಂದಿದ್ದಾರೆ ಅಂತ ಅರ್ಥ. ಕೊಂದವರು ಎದುರಿಗೇ ಹೇಳಿ ಕೊಲ್ಲುವುದಿಲ್ಲ, ಅದಕ್ಕೇ ಲಾಗ್ ಖಾಲಿ. ಡಾಕರ್ ಇನ್‌ಸ್ಪೆಕ್ಟ್ ಹಾಕಿ ‘ಓಓಎಂಕಿಲ್ಡ್’ ಅನ್ನುವ ಸಾಲು ನೋಡು. ‘ಟ್ರೂ’ ಇದ್ದರೆ ಮೆಮೊರಿ ಸಾಲದೇ ಕರ್ನೆಲ್ (ಸಿಸ್ಟಮ್‌ನ ತಿರುಳು) ಕೊಂದಿದೆ. ‘ಫಾಲ್ಸ್’ ಇದ್ದರೂ ಕರ್ನೆಲ್ ಸಂದೇಶ ತೋರಿಸುವ ಡಿಮೆಸೆಗ್ ಕಮಾಂಡ್ ಒಮ್ಮೆ ಹಾಕಿ ನೋಡು. ನೀನೇ ಡಾಕರ್ ಸ್ಟಾಪ್ ಕೊಟ್ಟು ಅದು 10 ಸೆಕೆಂಡಿನಲ್ಲಿ ನಿಲ್ಲದಿದ್ದರೂ ಇದೇ ನಂಬರ್ ಬರುತ್ತದೆ.

2 ಜಿಬಿಯಲ್ಲಿ ಸ್ಕ್ಯಾನ್ ಹೊತ್ತಿಗೆ ಅಧ್ಯಾಯದ ಚಿತ್ರ ತೆಗೆಯುವುದು, ಟ್ರಿಕ್‌ಪ್ಲೇ ಚಿತ್ರ (ಸಿನಿಮಾ ಹಿಂದೆ ಮುಂದೆ ಎಳೆದಾಗ ಕಾಣುವ ಸಣ್ಣ ಚಿತ್ರ) ಮಾಡುವುದು ಎರಡನ್ನೂ ಆಫ್ ಮಾಡು. ಸ್ವಲ್ಪ ಸ್ವ್ಯಾಪ್ (ಮೆಮೊರಿಯಾಗಿ ಬಳಸುವ ಡಿಸ್ಕ್ ಜಾಗ) ಕೊಡು. ಆಗಲೂ ಸತ್ತರೆ ರ‍್ಯಾಮ್ ಹಾಕಿಸದೇ ದಾರಿ ಇಲ್ಲ.

ಇನ್ನೊಬ್ಬರು (ಬೆಳಗಾವಿ, ಶಹಾಪುರ):

ಮೇಡಮ್, ಜೆಲ್ಲಿಫಿನ್‌ನ ಕಾನ್ಫಿಗ್ ಫೋಲ್ಡರನ್ನೂ ಬ್ಯಾಕಪ್‌ಗೆ ಸೇರಿಸಿದರೆ ಸಾಕಲ್ವಾ? ಮತ್ತೆ ಇಷ್ಟೆಲ್ಲ ಒದ್ದಾಟ ಯಾಕೆ, ಸುಮ್ನೆ ಕ್ಲೌಡ್‌ಗೆ ಹಾಕಬಾರದಾ?

ಉತ್ತರ:

ಸೇರಿಸಿ, ಆದರೆ ಓಡುತ್ತಿರುವಾಗ ನಕಲು ಮಾಡಬೇಡಿ. ಅದರೊಳಗೆ ಇರುವುದು ಎಸ್‌ಕ್ಯೂಲೈಟ್ ಡೇಟಾಬೇಸ್. ಬರೆಯುತ್ತಿರುವ ಹೊತ್ತಿಗೇ ನಕಲು ಮಾಡಿದರೆ ಅರ್ಧ ಬರೆದ ಸ್ಥಿತಿ ಸಿಗಬಹುದು, ರೀಸ್ಟೋರ್ ಮಾಡಿದಾಗ ತೆರೆಯುವುದಿಲ್ಲ. ಬ್ಯಾಕಪ್‌ಗೆ ಮೊದಲು ಜೆಲ್ಲಿಫಿನ್ ನಿಲ್ಲಿಸಿ, ಮುಗಿದ ಮೇಲೆ ಚಾಲೂ ಮಾಡುವ ಸಣ್ಣ ಸ್ಕ್ರಿಪ್ಟ್ ಬರೆದುಕೊಳ್ಳಿ. ಕ್ಯಾಶ್ ಮತ್ತು ಟ್ರಾನ್ಸ್‌ಕೋಡ್ ಫೋಲ್ಡರ್ ಬಿಟ್ಟುಬಿಡಿ, ಅವು ಸುಮ್ನೆ ಜಾಗ ತಿನ್ನುತ್ತವೆ.

ಕ್ಲೌಡ್ ಬೇಡ ಅಂತ ಅಲ್ಲ. 300 ಜಿಬಿಯನ್ನು 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಕಳಿಸಲು ಕಾಗದದ ಲೆಕ್ಕದಲ್ಲೇ 33 ಗಂಟೆ. ಮೊದಲ ಸಲ ಮಾತ್ರ ಅಷ್ಟು, ಆಮೇಲೆ ಬದಲಾದದ್ದು ಮಾತ್ರ ಹೋಗುತ್ತದೆ. ಆದರೆ ಸಿನಿಮಾ ಕಳಿಸಬೇಡಿ, ಅವು ಮತ್ತೆ ಸಿಗುತ್ತವೆ. ನವನಗರದವರ ಅಪ್ಪ ಟೇಪ್ ಮಾಡಿದ ಆಟ ಮತ್ತೆ ಯಾವ ಊರಿನ ಕಟ್ಟೆ ಮೇಲೂ ಹಾಗೇ ಆಗುವುದಿಲ್ಲ. ಅವರಿಗೆ ನಾನು ಹೇಳುವುದು ಇನ್ನೊಂದು ಸಣ್ಣ ಡಿಸ್ಕ್ ತಗೊಂಡು, ಫೋಟೋ ಮತ್ತು ಪಾರಿಜಾತ ಎರಡನ್ನೇ ಹಾಕಿ, ಬೇರೆ ಊರಿನ ನೆಂಟರ ಮನೆಯಲ್ಲಿ ಇಡಿ ಅಂತ. ಈಗ ಮೂಲವೂ ಬ್ಯಾಕಪ್ಪೂ ಒಂದೇ ಮೇಜಿನ ಮೇಲೆ, ಒಂದೇ ಪ್ಲಗ್ ಬೋರ್ಡ್‌ನಲ್ಲಿ ಇವೆ.

ಪ್ರಶ್ನೆ ಕೇಳಿದವರು:

ಜಮಖಂಡಿಯಲ್ಲಿ ಅಕ್ಕನ ಮನೆ ಇದೆ ಮೇಡಮ್, ಅಲ್ಲಿಡುತ್ತೇನೆ. ರೀಕ್ರಿಯೇಟ್ ಆಯಿತು. ಹಳೇ ಆವೃತ್ತಿಗಳೆಲ್ಲ ಬಂದವು. ಒಂದು ಆಟ ರೀಸ್ಟೋರ್ ಮಾಡಿ ಹಚ್ಚಿದೆ, ಅಪ್ಪ ಪಕ್ಕದಲ್ಲೇ ಕೂತು ಕೇಳಿದರು, ಹಾರ್ಮೋನಿಯಂ ಯಾರದು ಅಂತ ನನಗೇ ಪಾಠ ಮಾಡಿದರು.

ಪಾಸ್‌ಫ್ರೇಸ್ ಇದ್ದದ್ದು ಅದೇ ಒಳಗಿನ ಡಿಸ್ಕ್‌ನ ಒಂದು ಟೆಕ್ಸ್ಟ್ ಫೈಲ್‌ನಲ್ಲಿ.

ಉತ್ತರ:

ಅಯ್ಯೋ. ಡಿಸ್ಕ್ ಸತ್ತ ದಿನ ಬೀಗದ ಕೈ ಪೆಟ್ಟಿಗೆ ಒಳಗೇ ಉಳಿಯುತ್ತಿತ್ತು. ಕಾಗದದ ಮೇಲೆ ಬರೆದು ತಿಜೋರಿಯಲ್ಲಿ ಒಂದು, ಜಮಖಂಡಿಯಲ್ಲಿ ಒಂದು ಇಡಿ.

ಆಮೇಲೆ ಪರೀಕ್ಷೆ ಮಾಡಿ. ಪಿಸಿ ಸರಿಯಾಗಿ ಶಟ್‌ಡೌನ್ ಮಾಡಿ, ಹೊರಗಿನ ಡಿಸ್ಕ್‌ನ ಯುಎಸ್‌ಬಿ ಬಿಚ್ಚಿ, ಆನ್ ಮಾಡಿ. ಏನಾಗುತ್ತದೆ ಬರೆಯಿರಿ.

ಪ್ರಶ್ನೆ ಕೇಳಿದವರು:

ಬೂಟ್ ಆಯಿತು. ಎಸ್‌ಎಸ್‌ಎಚ್ ಬರುತ್ತದೆ. ಡಾಕರ್ ಮಾತ್ರ ಏಳಲಿಲ್ಲ, ‘ಡಿಪೆಂಡೆನ್ಸಿ ಫೇಲ್ಡ್’ ಅನ್ನುತ್ತಿದೆ. ಏನಾದರೂ ಕೆಡಿಸಿದೆನಾ?

ಉತ್ತರ:

ಇಲ್ಲ, ನಮಗೆ ಬೇಕಾಗಿದ್ದದ್ದೇ ಅದು. ಈಗ ಡಿಸ್ಕ್ ಹಾಕಿ, ಮೌಂಟ್ ಮಾಡಿ, ಡಿಎಫ್‌ನಲ್ಲಿ 4 ಟಿಬಿ ಸಾಲು ಕಂಡ ಮೇಲೆ ಡಾಕರ್ ಸರ್ವೀಸ್ ಚಾಲೂ ಮಾಡಿ.