ಪರಿಸರ ಮಾದರಿ ಕೋರ್ಸಿಗೆ ಲ್ಯಾಬ್ ಸಿದ್ಧ ಮಾಡಬೇಕು, ಮಾಡಿದವರು ಹೇಳಿ

ಕೇಳಿದವರು: ಉಪನ್ಯಾಸಕಿ, ದಾವಣಗೆರೆ
ಎಂ.ಎಸ್ಸಿ ಪರಿಸರ ವಿಜ್ಞಾನದವರಿಗೆ ಈ ಸೆಮಿಸ್ಟರ್ ಪೈಥಾನ್‌ನಲ್ಲಿ ಮಾದರಿ ಬರೆಯುವ ಪ್ರಾಕ್ಟಿಕಲ್ ಇದೆ. ಲ್ಯಾಬಿನಲ್ಲಿ 24 ಕಂಪ್ಯೂಟರ್, ಎಲ್ಲದರಲ್ಲೂ ವಿಂಡೋಸ್. ಅರ್ಧಕ್ಕೆ 4 ಜಿಬಿ ರ‍್ಯಾಮ್, ಉಳಿದವಕ್ಕೆ 8. ಇಂಟರ್‌ನೆಟ್ ಒಂದೇ ಲೈನ್. ಮಳೆಯ ದತ್ತಾಂಶ, ಕೆರೆ ನೀರಿನ ಲೆಕ್ಕ, ಸ್ವಲ್ಪ ನಕ್ಷೆ ಕೆಲಸ ಮಾಡಿಸಬೇಕು. ಏನು ಹಾಕಬೇಕು, ಎಲ್ಲಿ ಕೈಕೊಡುತ್ತೆ, ದಯವಿಟ್ಟು ತಿಳಿಸಿ.

ಲ್ಯಾಬ್ ಉಸ್ತುವಾರಿ, ಚಿತ್ರದುರ್ಗ
ಮೇಡಂ, 24 ಕಡೆ ಬೇರೆ ಬೇರೆಯಾಗಿ ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಒಂದೇ ಕಂಪ್ಯೂಟರಿನಲ್ಲಿ ಪೂರ್ತಿ ಸಿದ್ಧ ಮಾಡಿ, ಉಳಿದವಕ್ಕೆ ಪೆನ್‌ಡ್ರೈವಿನಲ್ಲಿ ಸಾಗಿಸಿ.

ಮೊದಲು ಮಿನಿಫೋರ್ಜ್ ಹಾಕಿ, ಪೈಥಾನನ್ನೂ ಅದರ ಪ್ಯಾಕೇಜುಗಳನ್ನೂ (ಸಿದ್ಧ ಕೋಡಿನ ಕಟ್ಟುಗಳು) ತರುವ ಕೊಂಡಾ ಎಂಬ ಸಾಧನ ಅದರಲ್ಲಿದೆ. ಅದು ಪ್ಯಾಕೇಜುಗಳನ್ನು ಕೊಂಡಾ-ಫೋರ್ಜ್ ಎಂಬ ಉಚಿತ ಭಂಡಾರದಿಂದಲೇ ತರುತ್ತದೆ, ಲೈಸೆನ್ಸ್ ತಕರಾರಿಲ್ಲ. ಹಾಕುವ ಜಾಗ ಸಿ ಡ್ರೈವಿನ ನೇರ ಕೆಳಗೆ ಇರಲಿ. ಯೂಸರ್ ಫೋಲ್ಡರಿನೊಳಗೆ ಹೋದರೆ, ಯೂಸರ್ ಹೆಸರಿನಲ್ಲಿ ಒಂದು ಸ್ಪೇಸ್ ಇದ್ದರೂ ಮುಂದೆ ಕೆಲವು ಪ್ಯಾಕೇಜು ಎಡವುತ್ತವೆ. ವನ್‌ಡ್ರೈವ್ ಸಿಂಕ್ ಆಗುವ ಡೆಸ್ಕ್‌ಟಾಪ್ ಅಂತೂ ಬೇಡವೇ ಬೇಡ.

ಆಮೇಲೆ ಕೋರ್ಸಿಗೆಂದೇ ಒಂದು ಹೊಸ ಎನ್ವಿರಾನ್‌ಮೆಂಟ್ (ತನ್ನದೇ ಪೈಥಾನ್, ಪ್ಯಾಕೇಜುಗಳಿರುವ ಪ್ರತ್ಯೇಕ ಫೋಲ್ಡರ್) ಮಾಡಿ, ಮೊದಲೇ ಬರುವ ಬೇಸ್ ಅನ್ನು ಮುಟ್ಟಬೇಡಿ. ಪೈಥಾನ್ 3.11, ನಮ್‌ಪೈ, ಪಾಂಡಾಸ್, ಸೈಪೈ, ಎಕ್ಸ್‌ಅರೇ, ನೆಟ್‌ಸಿಡಿಎಫ್4, ಮ್ಯಾಟ್‌ಪ್ಲಾಟ್‌ಲಿಬ್, ಜಿಯೋಪಾಂಡಾಸ್, ರಾಸ್ಟರಿಯೋ, ಜುಪಿಟರ್‌ಲ್ಯಾಬ್, ಇಷ್ಟನ್ನೂ ಒಂದೇ ಆದೇಶದಲ್ಲಿ ಕೊಡಿ. ಒಂದೊಂದಾಗಿ ಸೇರಿಸುತ್ತಾ ಹೋದರೆ ಆಮೇಲೆ ಬಂದದ್ದು ಮೊದಲಿನದರ ಆವೃತ್ತಿಯನ್ನು ಎಳೆದಾಡುತ್ತದೆ. ನಕ್ಷೆ ಫೈಲುಗಳನ್ನು ಓದುವ ಜಿಡಾಲ್ ಅನ್ನು ಪೈಥಾನಿನದೇ ಇನ್‌ಸ್ಟಾಲರ್ ಆದ ಪಿಪ್‌ನಿಂದ ತರಲು ಹೋಗಲೇಬೇಡಿ: ವಿಂಡೋಸ್‌ನಲ್ಲಿ ಅದು ಸಿ++ ಕಂಪೈಲರ್ ಕೇಳುತ್ತದೆ, ಇಲ್ಲದಿದ್ದರೆ ಒಂದು ಪುಟದಷ್ಟು ಕೆಂಪಕ್ಷರ ಉಗುಳಿ ನಿಲ್ಲುತ್ತದೆ. ಕೊಂಡಾದಲ್ಲಿ ರಾಸ್ಟರಿಯೋಗೆ ಬೇಕಾದ ಜಿಡಾಲ್ ಲೈಬ್ರರಿ ಅದರ ಜೊತೆಗೆ ತಾನಾಗಿಯೇ ಬರುತ್ತದೆ.

ಸಾಗಿಸಲು ಕೊಂಡಾ-ಪ್ಯಾಕ್ ಬಳಸಿ. ಇಡೀ ಎನ್ವಿರಾನ್‌ಮೆಂಟ್ ಒಂದು ಜಿಪ್ ಆಗುತ್ತದೆ. ಇನ್ನೊಂದು ಕಂಪ್ಯೂಟರಿನಲ್ಲಿ ಬಿಚ್ಚಿ, ಆಕ್ಟಿವೇಟ್ ಮಾಡಿ, ಕೊಂಡಾ-ಅನ್‌ಪ್ಯಾಕ್ ಅನ್ನು ಒಮ್ಮೆ ಓಡಿಸಿದರೆ ಆಯಿತು. ಅಲ್ಲಿ ಮಿನಿಫೋರ್ಜ್ ಆಗಲಿ ಇಂಟರ್‌ನೆಟ್ ಆಗಲಿ ಬೇಕಿಲ್ಲ. ಆದರೆ ವಿಂಡೋಸ್‌ನಲ್ಲಿ ಕಟ್ಟಿದ್ದು ವಿಂಡೋಸ್‌ಗೆ ಮಾತ್ರ. ಮಧ್ಯೆ ಪಿಪ್‌ನಿಂದ ಏನಾದರೂ ಹಾಕಿ ಅದು ಕೊಂಡಾ ಹಾಕಿದ ಫೈಲುಗಳನ್ನು ಅಳಿಸಿ ಬರೆದಿದ್ದರೆ ಪ್ಯಾಕ್ ಆಗಲು ಒಪ್ಪುವುದಿಲ್ಲ. ಬಿಚ್ಚಲು 7-ಜಿಪ್ ಇರಲಿ. ಸಾವಿರಾರು ಸಣ್ಣ ಫೈಲುಗಳಿರುವುದರಿಂದ ವಿಂಡೋಸ್‌ನದೇ ಬಿಚ್ಚುವ ಸೌಲಭ್ಯ ತುಂಬಾ ನಿಧಾನ. ರೀಸ್ಟಾರ್ಟ್ ಆದಾಗಲೆಲ್ಲ ಸಿ ಡ್ರೈವನ್ನು ಹಳೇ ಸ್ಥಿತಿಗೆ ತರುವ ತಂತ್ರಾಂಶ ಲ್ಯಾಬಿನಲ್ಲಿದ್ದರೆ ಮೊದಲು ಅದನ್ನು ತೆಗೆಸಿ, ಇಲ್ಲವೇ ಡಿ ಡ್ರೈವಿನಲ್ಲಿ ಬಿಚ್ಚಿ.

ಜಿಐಎಸ್ ಕೆಲಸದವರು, ದಾವಣಗೆರೆ
ಸರ್ ಹೇಳಿದ ಕ್ರಮ ಸರಿ ಇದೆ. ಹಾಕಿದ ಮೇಲೆ ಬರುವ ಎರಡು ತೊಂದರೆ ಸೇರಿಸುತ್ತೇನೆ.

ಒಂದು, ಎಲ್ಲಾ ಹಾಕಿದ್ದರೂ ಜುಪಿಟರ್ ನೋಟ್‌ಬುಕ್ ‘ಮಾಡ್ಯೂಲ್ ಸಿಗಲಿಲ್ಲ’ ಅನ್ನುತ್ತದೆ. ಹತ್ತರಲ್ಲಿ ಒಂಬತ್ತು ಸಲ ಕರ್ನಲ್ (ನೋಟ್‌ಬುಕ್ಕಿನ ಕೋಡ್ ಓಡಿಸುವ ಭಾಗ) ಬೇರೆ ಪೈಥಾನಿನದು. ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ಸಿಸ್ ಮಾಡ್ಯೂಲಿನ ಎಕ್ಸಿಕ್ಯೂಟೆಬಲ್ ದಾರಿಯನ್ನು ಪ್ರಿಂಟ್ ಮಾಡಿಸಿ. ಅದರಲ್ಲಿ ಕೋರ್ಸಿನ ಎನ್ವಿರಾನ್‌ಮೆಂಟ್ ಹೆಸರು ಕಾಣದಿದ್ದರೆ ಮುಂದಕ್ಕೆ ಹೋಗುವುದೇ ಬೇಡ.

ಎರಡು, ಪ್ರಾಜ್ ಡಿಬಿ (ನಕ್ಷೆಯ ಪ್ರೊಜೆಕ್ಷನ್‌ಗಳ ವಿವರವಿರುವ ಫೈಲ್) ಸಿಗಲಿಲ್ಲ, ಅಥವಾ ಅದರ ಲೇಔಟ್ ಆವೃತ್ತಿ ಹಳೆಯದು ಎಂಬ ದೂರು. ಅದೇ ಯಂತ್ರಕ್ಕೆ ಹಿಂದೆ ಪೋಸ್ಟ್‌ಜಿಐಎಸ್‌ನಂಥ ನಕ್ಷೆ ತಂತ್ರಾಂಶ ಹಾಕಿದ್ದರೆ ಅದು ಪ್ರಾಜ್-ಲಿಬ್ ಎಂಬ ಸಿಸ್ಟಮ್ ವೇರಿಯೇಬಲ್ ಬಿಟ್ಟಿರುತ್ತದೆ. ಪೈಥಾನ್ ಆ ದಾರಿ ಹಿಡಿದು ಹೋಗಿ ಹಳೇ ಫೈಲ್ ಓದುತ್ತದೆ. ಸಿಸ್ಟಮ್ ವೇರಿಯೇಬಲ್ ಪಟ್ಟಿಯಿಂದ ಅದನ್ನು ಅಳಿಸಿ, ಎನ್ವಿರಾನ್‌ಮೆಂಟನ್ನು ಆಕ್ಟಿವೇಟ್ ಮಾಡಿಯೇ ಜುಪಿಟರ್ ತೆರೆಯಿರಿ. ‘ಡಿಎಲ್‌ಎಲ್ ಲೋಡ್ ಆಗಲಿಲ್ಲ’ ಎಂಬುದಕ್ಕೂ ಬಹಳ ಸಲ ಆಕ್ಟಿವೇಟ್ ಮಾಡದಿರುವುದೇ ಕಾರಣ.

ನಕ್ಷೆಯ ಪ್ರೊಜೆಕ್ಷನ್ ಎಲ್ಲರಿಗೂ ಇಪಿಎಸ್‌ಜಿ (ಪ್ರೊಜೆಕ್ಷನ್‌ನ ಸಂಕೇತ ಸಂಖ್ಯೆ) 32643, ಅಂದರೆ ಮೀಟರಿನಲ್ಲಿ ಅಳೆಯುವ ಯುಟಿಎಂ 43 ಉತ್ತರ ವಲಯ, ಅಂತ ಮೊದಲೇ ನಿಗದಿ ಮಾಡಿ. ದಾವಣಗೆರೆ, ಚಿತ್ರದುರ್ಗ ಎರಡೂ ಅದರೊಳಗೆ ಬರುತ್ತವೆ. ಡಿಗ್ರಿಯಲ್ಲೇ ಬಿಟ್ಟು ಕೆರೆಯ ವಿಸ್ತೀರ್ಣ ತೆಗೆದರೆ ಸೊನ್ನೆಯ ಪಕ್ಕ ಚುಕ್ಕಿ ಇಟ್ಟ ಅರ್ಥವಿಲ್ಲದ ಸಂಖ್ಯೆ ಬರುತ್ತದೆ. ಎತ್ತರದ ದತ್ತಾಂಶಕ್ಕೆ ಎಸ್‌ಆರ್‌ಟಿಎಂ (ಬಾಹ್ಯಾಕಾಶದಿಂದ ರೇಡಾರ್‌ನಲ್ಲಿ ಅಳೆದ ಎತ್ತರ) 30 ಮೀಟರ್ ಸಾಕು. ದಾವಣಗೆರೆ ಊರು 14 ಉತ್ತರ, 75 ಪೂರ್ವದ ಟೈಲಿನಲ್ಲಿದೆ (ಒಂದು ಡಿಗ್ರಿ ಅಳತೆಯ ಚೌಕ), ಚಿತ್ರದುರ್ಗ ಪಕ್ಕದ 76ರಲ್ಲಿ, ಹಿರಿಯೂರು ಕೆಳಗಿನ 13, 76ರಲ್ಲಿ. ಮೂರನ್ನೂ ಇಳಿಸಿ ಜೋಡಿಸಿಕೊಡಿ.

ಜಲವಿಜ್ಞಾನ ಕಲಿಸುವವರು, ಚಿತ್ರದುರ್ಗ
ಸಾಫ್ಟ್‌ವೇರ್ ತೆರೆದುಕೊಂಡಿತು ಅಂದರೆ ಕೆಲಸ ಮುಗಿಯಲಿಲ್ಲ ಮೇಡಂ. ಗೊತ್ತಿರುವ ಊರಿನ ಮಳೆ ಸರಿಯಾಗಿ ಬಂತೇ ಅಂತ ನೋಡಿದ ಮೇಲೇ ತರಗತಿ ಶುರು ಮಾಡಿ. ಇದಕ್ಕೆ ಭಾರತೀಯ ಹವಾಮಾನ ಇಲಾಖೆಯ 0.25 ಡಿಗ್ರಿ ದೈನಂದಿನ ಮಳೆ ಗ್ರಿಡ್‌ಗಿಂತ ಒಳ್ಳೆಯ ಪರೀಕ್ಷೆ ಇಲ್ಲ.

ವರ್ಷಕ್ಕೊಂದು ಬೈನರಿ ಫೈಲ್. ಅಕ್ಷಾಂಶ 6.5ರಿಂದ 38.5, ಒಟ್ಟು 129, ರೇಖಾಂಶ 66.5ರಿಂದ 100, ಒಟ್ಟು 135. ಪ್ರತಿ ಬೆಲೆ 4 ಬೈಟಿನ ಫ್ಲೋಟ್. ಹಾಗಾಗಿ 365 ದಿನಕ್ಕೆ ಫೈಲಿನ ಗಾತ್ರ 2,54,25,900 ಬೈಟ್ ಆಗಬೇಕು, ಅಧಿಕ ವರ್ಷಕ್ಕೆ 2,54,95,560. ಒಂದು ಬೈಟ್ ಕಡಿಮೆ ಬಂದರೂ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ ಅಂತಲೇ ಅರ್ಥ. ಕರೆಂಟು ಹೋಗಿ ಬರುವ ಲ್ಯಾಬಿನಲ್ಲಿ ಇದು ಸಾಮಾನ್ಯ.

ನಮ್‌ಪೈನಲ್ಲಿ ಫ್ಲೋಟ್32 ಎಂದು ಓದಿ, ದಿನ, ಅಕ್ಷಾಂಶ, ರೇಖಾಂಶ ಕ್ರಮದಲ್ಲಿ 365, 129, 135 ಎಂದು ಮಡಚಿ. ದಾವಣಗೆರೆಗೆ ಹತ್ತಿರದ ಬಿಂದು 14.5 ಉತ್ತರ, 76.0 ಪೂರ್ವ. ಸೊನ್ನೆಯಿಂದ ಎಣಿಸಿದರೆ ಸಾಲು 32, ಕಂಬ 38. ಚಿತ್ರದುರ್ಗಕ್ಕೆ 14.25, 76.5, ಅಂದರೆ ಸಾಲು 31, ಕಂಬ 40. ವಿದ್ಯಾರ್ಥಿ 32, 38 ಬದಲು 38, 32 ಬರೆದರೆ ಪ್ರೋಗ್ರಾಂ ಏನೂ ಗೊಣಗುವುದಿಲ್ಲ, ಸುಮ್ಮನೆ ಬೆಳಗಾವಿ ಹತ್ತಿರದ ಮಳೆ ಕೊಡುತ್ತದೆ. ಸಾಲುಗಳು ಉತ್ತರದಿಂದ ಶುರು ಅಂದುಕೊಂಡು ತಲೆಕೆಳಗು ಮಾಡಿದರೆ ಪಂಜಾಬಿನ ಮಳೆ ಸಿಗುತ್ತದೆ. ಗ್ರಾಫ್ ಎರಡರಲ್ಲೂ ಚೆನ್ನಾಗಿಯೇ ಕಾಣುತ್ತದೆ, ಅದೇ ಅಪಾಯ. ಆದ್ದರಿಂದ ಒಂದು ದಿನದ ಇಡೀ ಗ್ರಿಡ್ ಬಿಡಿಸಿ, ಭಾರತದ ಆಕಾರ ನೆಟ್ಟಗೆ ಕಾಣುತ್ತದೆಯೇ ಅಂತ ಕಣ್ಣಾರೆ ನೋಡಲಿ.

ದತ್ತಾಂಶ ಇಲ್ಲದ ಕಡೆ -999 ಇರುತ್ತದೆ, ಸರಾಸರಿಗೆ ಮುನ್ನ ಅದನ್ನು ತೆಗೆಯಲೇಬೇಕು. ಇನ್ನೊಂದು: ಅವತ್ತಿನ ತಾರೀಖಿನ ಮಳೆ ಎಂದರೆ ಹಿಂದಿನ ದಿನ ಬೆಳಿಗ್ಗೆ 8:30ರಿಂದ ಅವತ್ತು ಬೆಳಿಗ್ಗೆ 8:30ರವರೆಗಿನದು. ಇಆರ್‌ಎ5 (ಯುರೋಪಿನ ಹವಾಮಾನ ಮರುವಿಶ್ಲೇಷಣೆಯ ದತ್ತಾಂಶ) ಜೊತೆ ಹೋಲಿಸಿದಾಗ ಒಂದು ದಿನ ಹಿಂದುಮುಂದಾದಂತೆ ಕಂಡರೆ ಗಾಬರಿ ಬೇಡ. ಇಆರ್‌ಎ5 ಮಳೆ ಮೀಟರಿನಲ್ಲಿದೆ, ಮಿ.ಮೀ.ಗೆ ತರಲು 1000ದಿಂದ ಗುಣಿಸಿ.

4 ಜಿಬಿ ಯಂತ್ರದಲ್ಲಿ 30 ವರ್ಷದ ಫೈಲುಗಳನ್ನು ಒಟ್ಟಿಗೆ ಎತ್ತಿದರೆ 760 ಎಂಬಿ ದಾಟುತ್ತದೆ, ಫ್ಲೋಟ್64 ಆದರೆ ಅದರ ಎರಡರಷ್ಟು, ಕರ್ನಲ್ ಸತ್ತೇ ಹೋಗಬಹುದು. ಒಂದೊಂದೇ ವರ್ಷ ತೆರೆದು, ಬೇಕಾದ ಬಿಂದುಗಳನ್ನಷ್ಟೇ ಉಳಿಸಿಕೊಂಡು, ಉಳಿದದ್ದು ಬಿಟ್ಟುಬಿಡಲಿ.

ಕೆರೆ ಮಾದರಿಗೆ ದಿನದ ಹೆಜ್ಜೆ ಸಾಕು. ಒಂದು ಹೆಕ್ಟೇರಿಗೆ ಒಂದು ಮಿ.ಮೀ. ಮಳೆ ಎಂದರೆ 10 ಘನ ಮೀಟರ್, ಇದನ್ನು ಬೋರ್ಡಿನ ಮೇಲೆ ಬರೆದಿಡಿ, ಅರ್ಧ ತಪ್ಪುಗಳು ಇಲ್ಲೇ ಆಗುವುದು. ನೀರು ಸೊನ್ನೆಗಿಂತ ಕೆಳಗೆ ಇಳಿಯದಂತೆ, ತುಂಬಿದ ಮೇಲಿನದು ಕೋಡಿಗೆ ಹೋಗುವಂತೆ ಮಿತಿ ಹಾಕಿಸಿ. ಹಿರಿಯೂರು ಬಳಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರವನ್ನು ಉದಾಹರಣೆಗೆ ತೆಗೆದುಕೊಂಡರೆ ಚೆನ್ನಾಗಿರುತ್ತದೆ: 1933ರಲ್ಲಿ ಕೋಡಿ ಬಿದ್ದ ಅಣೆಕಟ್ಟು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಯಾರದಾದರೂ ಮಾದರಿ ವರ್ಷ ಬಿಟ್ಟು ವರ್ಷ ಕೋಡಿ ಬೀಳಿಸಿದರೆ ಎಲ್ಲೋ ತಪ್ಪಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಮಳೆಯನ್ನು ಹಿರಿಯೂರಿನ ಬಿಂದುವಿನಿಂದ ತೆಗೆದುಕೊಳ್ಳಬಾರದು. ವೇದಾವತಿಗೆ ನೀರು ಬರುವುದು ಮೇಲಿನ ಕಡೂರು, ಹೊಸದುರ್ಗದ ಕಡೆಯಿಂದ.

ದತ್ತಾಂಶ ನಮೂದು ನೋಡುವವರು, ದಾವಣಗೆರೆ
ಹೋಬಳಿವಾರು ಮಳೆ ಪಟ್ಟಿ ಬಳಸುವುದಾದರೆ ಕನ್ನಡ ಅಕ್ಷರದ ಕಡೆ ಗಮನ ಕೊಡಿ ಮೇಡಂ. ಎಕ್ಸೆಲ್‌ನಲ್ಲಿ ಬರೀ ಸಿಎಸ್‌ವಿ ಎಂದು ಉಳಿಸಿದರೆ ‘ಮಾಯಕೊಂಡ’ ಹೋಗಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ, ಮತ್ತೆ ವಾಪಸ್ ಬರುವುದಿಲ್ಲ. ‘ಸಿಎಸ್‌ವಿ ಯುಟಿಎಫ್-8’ ಆರಿಸಿ. ಹಳೇ ನುಡಿ ಫಾಂಟಿನ ಪಟ್ಟಿ ಆದರೆ ಮೊದಲು ಯುನಿಕೋಡಿಗೆ ಪರಿವರ್ತಿಸಬೇಕು. ತಾರೀಖಿನ ವಿನ್ಯಾಸವನ್ನು ಪಾಂಡಾಸ್‌ಗೆ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ 03-07 ಜುಲೈ 3ರ ಬದಲು ಮಾರ್ಚ್ 7 ಆಗಿ ಮುಂಗಾರಿನ ಮಳೆ ಬೇಸಿಗೆಗೆ ಬೀಳುತ್ತದೆ.

ಮ್ಯಾಟ್‌ಪ್ಲಾಟ್‌ಲಿಬ್ ಗ್ರಾಫಿನಲ್ಲಿ ಕನ್ನಡ ಬರೆದರೆ ಮೊದಲು ಖಾಲಿ ಚೌಕಗಳು ಕಾಣುತ್ತವೆ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಕೊಟ್ಟರೆ ಚೌಕ ಹೋಗುತ್ತದೆ, ಆದರೆ ಬಳಕೆಯಲ್ಲಿರುವ ಹಲವು ಆವೃತ್ತಿಗಳಲ್ಲಿ ಒತ್ತಕ್ಷರ ಕೂಡುವುದಿಲ್ಲ. ‘ಚಿತ್ರದುರ್ಗ’ದಲ್ಲಿ ತ್ರ, ರ್ಗ ಎರಡೂ ಒಡೆದು ನಿಲ್ಲುತ್ತವೆ. ಕನ್ನಡ ಹೆಸರಿನ ನಕ್ಷೆ ಬೇಕಾದರೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಲೇಔಟಿನಲ್ಲಿ ಮಾಡಿಸಿ, ಅಲ್ಲಿ ಒತ್ತು ಸರಿಯಾಗಿ ಕೂರುತ್ತದೆ.

ಕೇಳಿದವರು
ತುಂಬಾ ಉಪಕಾರವಾಯಿತು. ಕೆಲವು ಪಾಠಗಳು ಆರ್ ಭಾಷೆಯಲ್ಲಿವೆ, ಅದರ ನಕ್ಷೆ ಪ್ಯಾಕೇಜು ಆರ್‌ಜಿಡಾಲ್ ಸಿಗುತ್ತಿಲ್ಲ ಅನ್ನುತ್ತದಲ್ಲ?

ಜಿಐಎಸ್ ಕೆಲಸದವರು, ದಾವಣಗೆರೆ
ಸಿಗುವುದಿಲ್ಲ ಮೇಡಂ. ಆರ್‌ಜಿಡಾಲ್, ಆರ್‌ಜಿಯೋಸ್, ಮ್ಯಾಪ್‌ಟೂಲ್ಸ್ ಮೂರನ್ನೂ 2023ರ ಅಕ್ಟೋಬರಿನಲ್ಲಿ ನಿಲ್ಲಿಸಿದರು. ಗೆರೆ, ಬಿಂದುಗಳ ಕೆಲಸಕ್ಕೆ ಎಸ್‌ಎಫ್, ರಾಸ್ಟರಿಗೆ (ಚೌಕಗಳ ಗ್ರಿಡ್ ದತ್ತಾಂಶಕ್ಕೆ) ಟೆರ್ರಾ ಹಾಕಿ, ಪಾಠದ ಸಾಲುಗಳನ್ನು ಅದಕ್ಕೆ ತಿದ್ದಿಕೊಳ್ಳಿ. ಕಂಪೈಲ್ ಮಾಡುವ ಸಾಧನ ಆರ್‌ಟೂಲ್ಸ್ ಹಾಕುವುದಿದ್ದರೆ ಆವೃತ್ತಿ ಹೊಂದಬೇಕು: ಆರ್ 4.4ಕ್ಕೆ ಆರ್‌ಟೂಲ್ಸ್ 44. ವಿಂಡೋಸ್‌ಗೆ ಎಸ್‌ಎಫ್, ಟೆರ್ರಾ ಎರಡೂ ಸಿದ್ಧವಾಗಿಯೇ ಸಿಗುತ್ತವೆ. ‘ಮೂಲದಿಂದ ಕಂಪೈಲ್ ಮಾಡಲೇ’ ಅಂತ ಕೇಳಿದರೆ ಬೇಡ ಅನ್ನಿ.