ವ್ಯಾಯಾಮದ ಗುಂಪಿನಲ್ಲಿ ಬಿಪಿ ಯಾವಾಗ ನೋಡಬೇಕು, ಎಷ್ಟಿದ್ದರೆ ಬೇಡ ಅನ್ನಬೇಕು?

ಪ್ರಶ್ನೆ: ಗುಂಪಿನಲ್ಲಿ 12 ಜನ. ಎಲ್ಲರಿಗೂ ಬಿಪಿ, ಐವರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಡಯಾಲಿಸಿಸ್. ವೈದ್ಯರ ಒಪ್ಪಿಗೆ ಇದೆ. ಬಂದ ಕೂಡಲೇ ನೋಡಿದರೆ ಹಲವರಿಗೆ 160 ದಾಟಿರುತ್ತದೆ. ಮುಗಿದ ಮೇಲೆ ಒಬ್ಬರಿಗೆ ತಲೆ ಸುತ್ತುತ್ತದೆ. ಇನ್ನೊಬ್ಬರ ನಾಡಿ ಎಷ್ಟು ಬಿರುಸಾಗಿ ನಡೆದರೂ 90 ದಾಟುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ (ಫಿಸಿಯೋಥೆರಪಿಸ್ಟ್): ಮೊದಲು ಅಳತೆ ಸರಿಮಾಡಿಕೊಳ್ಳಿ ಸರ್. ಮೆಟ್ಟಿಲು ಹತ್ತಿ ಬಂದವರ ತೋಳಿಗೆ ಪಟ್ಟಿ ಸುತ್ತಿದರೆ ಏರಿದ ಸಂಖ್ಯೆಯೇ ಬರುತ್ತದೆ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. 5 ನಿಮಿಷ ಮಾತಿಲ್ಲದೆ ಕೂರಿಸಿ, 1 ನಿಮಿಷ ಬಿಟ್ಟು ಎರಡು ಸಲ ನೋಡಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೂ ಬಿಪಿ ಹೆಚ್ಚು ತೋರಿಸುತ್ತದೆ. ಆಮೇಲೂ ಮೇಲಿನದು 180 ಅಥವಾ ಕೆಳಗಿನದು 110 ದಾಟಿದ್ದರೆ ಅಂದು ವ್ಯಾಯಾಮ ಬೇಡ, ವೈದ್ಯರಿಗೆ ತಿಳಿಸಿ. ಜೊತೆಗೆ ಎದೆನೋವು, ಉಬ್ಬಸ, ಮಾತು ತೊದಲುವುದು ಇದ್ದರೆ ಕಾಯದೆ ಆಸ್ಪತ್ರೆಗೆ.

ತಲೆಸುತ್ತು ಬರುವುದು ತಟ್ಟನೆ ನಿಲ್ಲುವುದರಿಂದ. ಕಾಲಿನ ರಕ್ತನಾಳಗಳು ಹಿಗ್ಗಿರುತ್ತವೆ, ರಕ್ತವನ್ನು ಮೇಲಕ್ಕೆ ತಳ್ಳುತ್ತಿದ್ದ ಮೀನಖಂಡ ಸುಮ್ಮನಾಗುತ್ತದೆ, ರಕ್ತ ಕೆಳಗೇ ಉಳಿಯುತ್ತದೆ. ಕೊನೆಯ 10 ನಿಮಿಷ ವೇಗ ಇಳಿಸುತ್ತಾ ನಡೆಸಿ. ರಕ್ತನಾಳ ಹಿಗ್ಗಿಸುವ ಪ್ರಜೋಸಿನ್‌ನಂಥ ಮಾತ್ರೆ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರ ಮೇಲೆ ಇಲ್ಲಿ ಕಣ್ಣಿರಲಿ.

ನಾಡಿ ಏರದವರು ಮೆಟೊಪ್ರೊಲಾಲ್ ಅಥವಾ ಅಟೆನೊಲಾಲ್ ತಗೊಳ್ಳುತ್ತಾರಾ ಕೇಳಿ. ಆ ಮಾತ್ರೆಗಳ ಕೆಲಸವೇ ನಾಡಿಗೆ ಕಡಿವಾಣ ಹಾಕುವುದು. ಅಂಥವರನ್ನು ನಾಡಿ ಎಣಿಸಿ ಓಡಿಸಬೇಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟೇ ವೇಗ. ಗುಂಪಿನ ದೊಡ್ಡ ತೊಂದರೆಯೂ ಇದೇ, ಪಕ್ಕದವರ ವೇಗ ನೋಡಿ ಓಡುವುದು. ಬರುವ ಹೊತ್ತು ಒಂದೇ ಇರಲಿ, ವೇಗ ಅವರವರದು.

ಕುರ್ಚಿಯಿಂದ ಏಳುವ ವ್ಯಾಯಾಮದಲ್ಲಿ ಹಲ್ಲು ಕಚ್ಚಿ ಉಸಿರು ಬಿಗಿಹಿಡಿಯುತ್ತಾರೆ, ಗಮನಿಸಿದ್ದೀರಾ? ಆ ಕ್ಷಣ ಬಿಪಿ ಜಿಗಿಯುತ್ತದೆ. ಏಳುವಾಗ ಗಟ್ಟಿಯಾಗಿ ಎಣಿಸಲು ಹೇಳಿ, ಉಸಿರು ತಾನಾಗಿ ಹೊರಬರುತ್ತದೆ.

ಮರುಪ್ರಶ್ನೆ: ಬಿಪಿ ಎಷ್ಟು ಇಳಿಯಬಹುದು ಮೇಡಂ? ಮಾತ್ರೆ ಬಿಡಬಹುದಾ ಅಂತ ಎಲ್ಲರೂ ಕೇಳುತ್ತಾರೆ.

ಉತ್ತರ: ವಾರಕ್ಕೆ 150 ನಿಮಿಷ ಬಿರುಸು ನಡಿಗೆ, 2 ದಿನ ಸ್ನಾಯುಬಲದ ವ್ಯಾಯಾಮ ತಪ್ಪದೆ ಮಾಡಿದರೆ ಮೇಲಿನ ಸಂಖ್ಯೆ ಸರಾಸರಿ 5ರಿಂದ 8 ಇಳಿಯುತ್ತದೆ. ಕೆಲವು ವಾರ ಬಿಟ್ಟರೆ ಮತ್ತೆ ಏರುತ್ತದೆ. ಮಾತ್ರೆ ಕಡಿಮೆ ಮಾಡುವುದು ವೈದ್ಯರ ತೀರ್ಮಾನ, ನಮ್ಮದಲ್ಲ.

ಉತ್ತರ (ವೈದ್ಯರು): ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುವವರ ಸಕ್ಕರೆಯನ್ನೂ ಮೊದಲೇ ನೋಡಿ. 90ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲೂಕೋಸ್ ಕೊಟ್ಟು, ಏರಿದ ಮೇಲೆ ಶುರುಮಾಡಿ. ಅವರೇ ಮೆಟೊಪ್ರೊಲಾಲ್ ಕೂಡ ತಗೊಳ್ಳುತ್ತಿದ್ದರೆ ಸಕ್ಕರೆ ಇಳಿದಾಗ ಕೈನಡುಕ, ಎದೆಬಡಿತ ಗೊತ್ತಾಗದೆ ಹೋಗಬಹುದು. ಬೆವರು ಮಾತ್ರ ಬರುತ್ತದೆ, ಅದನ್ನು ವ್ಯಾಯಾಮದ ಬೆವರು ಅಂದುಕೊಳ್ಳಬೇಡಿ. ಡಯಾಲಿಸಿಸ್‌ನವರ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಜೋಡಿಸಿದ ರಕ್ತನಾಳ) ಇರುವ ಕೈಗೆ ಬಿಪಿ ಪಟ್ಟಿ ಕಟ್ಟಲೇಬಾರದು.