ಎಷ್ಟು ಜನ ಅಂತ ಹೇಳಿ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ 34 ಜನ ಇದ್ದೇವೆ. ಕಲಬುರಗಿ, ಬೀದರ್, ಸೇಡಂ, ಹೈದರಾಬಾದ್ ಅಂತ ಹಂಚಿ ಹೋಗಿದ್ದೇವೆ. ಎಳ್ಳಮಾವಾಸ್ಯೆಗೆ ಇನ್ನೂ ಒಂದು ವಾರ ಇತ್ತು. ಚಿಗವ್ವ ಬೆಳಿಗ್ಗೆ ಒಂದು ಸಾದಾ ಪ್ರಶ್ನೆ ಹಾಕಿದ್ದರು: "ಈ ಸಲ ಹೊಲಕ್ಕೆ ಎಷ್ಟು ಜನ ಬರ್ತೀರಿ?" ಉತ್ತರ ಬರುವ ಮೊದಲೇ ದೊಡ್ಡಪ್ಪನ ಫಾರ್ವರ್ಡ್ ಬಂತು. ಅಲ್ಲಿಂದ ರಾತ್ರಿಯವರೆಗೆ ನಡೆದದ್ದು ಇದು. ನಡುವೆ ಬಂದ ಹೂವು, ದೀಪ, ಕೈಮುಗಿದ ಚಿತ್ರಗಳನ್ನು ತೆಗೆದಿದ್ದೇನೆ.

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆಗಿದೆ): ಲಂಕೆಯಲ್ಲಿ ನಮ್ಮ ಸೈನ್ಯ ಸೋಲಲಿಲ್ಲ, ದೆಹಲಿ ಸೋತಿತು! ಇನ್ನೆರಡು ಡಿವಿಷನ್, ಇನ್ನೊಂದು ವರ್ಷ ಕೊಟ್ಟಿದ್ದರೆ ಎಲ್‌ಟಿಟಿಇ ಆಗಲೇ ಮುಗಿಯುತ್ತಿತ್ತು. ದೇಶಾಭಿಮಾನ ಇದ್ದರೆ 10 ಜನರಿಗೆ ಕಳಿಸಿ.

ಅಕ್ಕ: ಅಪ್ಪಾ, ಇದನ್ನು ಬರೆದವರು ಯಾರು?

ದೊಡ್ಡಪ್ಪ: ಯಾರು ಬರೆದರೇನು, ಲೆಕ್ಕ ಸರಿ ಇದೆ.

(ಎಲ್‌ಟಿಟಿಇ ಅಂದರೆ ಲಂಕೆಯಲ್ಲಿ ತಮಿಳರಿಗೆ ಬೇರೆ ದೇಶ ಬೇಕು ಅಂತ ಬಂದೂಕು ಹಿಡಿದಿದ್ದ ಸಂಘಟನೆ. ಡಿವಿಷನ್ ಅಂದರೆ ಸಾವಿರಾರು ಸೈನಿಕರ ದೊಡ್ಡ ಪಡೆ. ದೊಡ್ಡಪ್ಪ ಗಣಿತದ ಮೇಷ್ಟ್ರು. ಅಕ್ಕ ಅವರ ಮಗಳು, ಬೀದರ್‌ನಲ್ಲಿ ಇತಿಹಾಸ ಕಲಿಸುತ್ತಾಳೆ. ಇವರಿಬ್ಬರ ನಡುವೆ ಉಳಿದವರು ಬರದಿರುವುದೇ ಒಳ್ಳೆಯದು. ಆದರೂ ಬರುತ್ತೇವೆ.)

ಅಕ್ಕ: ಸರಿ ಇಲ್ಲ. 1987ರ ಜುಲೈ 29ಕ್ಕೆ ರಾಜೀವ್ ಗಾಂಧಿ, ಲಂಕೆಯ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಕೂಡಲೇ ಹೋಗಿದ್ದು ಸಿಕಂದರಾಬಾದ್‌ನ 54ನೇ ಡಿವಿಷನ್. ಅದೂ ಶಾಂತಿ ಕಾಯೋಕೆ ಅಂತ. ಅಕ್ಟೋಬರ್‌ನಲ್ಲಿ ಕಾಳಗ ಶುರುವಾಯಿತು. ಆಮೇಲೆ 36, 57, 4ನೇ ಡಿವಿಷನ್ ಅಂತ ಕಳಿಸುತ್ತಲೇ ಹೋದರು. ಒಂದು ಇದ್ದದ್ದು ನಾಲ್ಕು ಡಿವಿಷನ್ ಆಯಿತು. "ಇನ್ನೆರಡು" ಅನ್ನೋದನ್ನು ಆಗಲೇ ಮಾಡಿ ನೋಡಿದ್ದಾರೆ.

ದೊಡ್ಡಪ್ಪ: ನೋಡಿ ಅರ್ಧಕ್ಕೆ ಬಿಟ್ಟರು. ಬೋರ್‌ವೆಲ್ 300 ಅಡಿ ಕೊರೆದು ನಿಲ್ಲಿಸಿದ ಹಾಗಾಯಿತು. ಇನ್ನೂ 50 ಅಡಿ ಹೋಗಿದ್ದರೆ ನೀರು.

ನಾನು: ದೊಡ್ಡಪ್ಪಾ, ನಮ್ಮ ಹೊಲದಲ್ಲಿ "ಇನ್ನೂ 50" ಅಂತ ಮೂರು ಸಲ ಕೊರೆಸಿದ್ದು ನೆನಪಿದೆಯಾ? ಬರೀ ಧೂಳು ಬಂತು.

ದೊಡ್ಡಪ್ಪ: ಅದು ಪಾಯಿಂಟ್ ನೋಡಿದವನ ತಪ್ಪು.

ತಮ್ಮ: ದೊಡ್ಡಪ್ಪ ಹೇಳೋದು ಪೂರಾ ತಪ್ಪಲ್ಲ. ಇರಾಕ್ ನೋಡಿ. 2006ರ ಚುನಾವಣೆಯಲ್ಲಿ ಅಮೆರಿಕದ ಜನ ಯುದ್ಧ ಸಾಕು ಅಂದರು, ಬುಷ್ ಪಕ್ಷ ಎರಡೂ ಸದನ ಕಳೆದುಕೊಂಡಿತು. ಆದರೂ 2007ರ ಜನವರಿ 10ಕ್ಕೆ ಬುಷ್ ಇನ್ನೂ 20,000ಕ್ಕೂ ಹೆಚ್ಚು ಜನರನ್ನು ಕಳಿಸ್ತೀನಿ ಅಂದರು. ಕೆಳಸದನ 246–182 ಮತಗಳಿಂದ ಬೇಡ ಅಂದಿತು. ಕೇಳಲಿಲ್ಲ. ಆ ವರ್ಷ 900ರಷ್ಟು ಅಮೆರಿಕನ್ ಸೈನಿಕರು ಸತ್ತರು. ಮರುವರ್ಷ 300ರ ಆಸುಪಾಸಿಗೆ ಇಳಿಯಿತು.

ದೊಡ್ಡಪ್ಪ: ಶಭಾಷ್. ಹೈದರಾಬಾದ್ ಹುಡುಗನಿಗೆ ಬುದ್ಧಿ ಇದೆ.

ಅಕ್ಕ: ಅರ್ಧ ಹೇಳಿದೆ ತಮ್ಮಾ. ಇರಾಕ್‌ನ ಅನ್ಬರ್ ಪ್ರಾಂತ್ಯದ ಮುಖಂಡರು ಅಲ್‌ಖೈದಾ ವಿರುದ್ಧ ತಿರುಗಿದ್ದು 2006ರಲ್ಲಿ, ಹೊಸ ಸೈನ್ಯ ಬರೋಕೂ ಮೊದಲು. ಆಮೇಲೆ ಅವರ ಜನರಿಗೆ ಅಮೆರಿಕ ತಿಂಗಳಿಗೆ 300 ಡಾಲರ್‌ನಂತೆ ಸಂಬಳ ಕೊಟ್ಟಿತು. ಗೆದ್ದಿದ್ದು ಬಂದೂಕು ಒಂದೇ ಅಲ್ಲ. 2014ರ ಜೂನ್‌ನಲ್ಲಿ ಇರಾಕ್‌ನ ಮೋಸುಲ್ ನಗರ ಐಸಿಸ್ ಉಗ್ರರ ಕೈಗೆ ಹೋಯಿತು. ಅಫ್ಘಾನಿಸ್ತಾನಕ್ಕೂ 2009ರಲ್ಲಿ ಒಬಾಮಾ 30,000 ಕಳಿಸಿದರು. 2021ರ ಆಗಸ್ಟ್ 15ಕ್ಕೆ ಕಾಬೂಲ್ ಯಾರ ಕೈಯಲ್ಲಿತ್ತು?

ತಮ್ಮ: ಹೌದು ಅಕ್ಕಾ, ಆದ್ರೂ ಸಾವು ಕಡಿಮೆ ಆಗಿದ್ದು ನಿಜ ಅಲ್ವಾ?

ಅಕ್ಕ: ನಿಜ. ಇಲ್ಲ ಅನ್ನಲ್ಲ.

ಚಿಗವ್ವ: ಎಲ್ಲಾರು ಇಲ್ಲೇ ಇದ್ದೀರಲ್ಲ, ಎಷ್ಟು ಜನ ಅಂತ ಹೇಳಿಬಿಡಿ.

ದೊಡ್ಡಪ್ಪ: ಸ್ವಲ್ಪ ತಡಿಯಮ್ಮಾ. ದೂರದ್ದು ಯಾಕೆ, ನಮ್ಮ ಜಿಲ್ಲೆನೇ ನೋಡಿ. 1948ರ ಸೆಪ್ಟೆಂಬರ್ 13ಕ್ಕೆ ಸೈನ್ಯ ಒಳಗೆ ಬಂತು. 17ಕ್ಕೆ ನಿಜಾಮ ಶರಣಾದ. ಐದು ದಿನ! ಸಾಕಷ್ಟು ಜನರನ್ನು ಒಟ್ಟಿಗೆ ಕಳಿಸಿದರೆ ಹೀಗಾಗುತ್ತೆ.

ನಾನು: ಅವತ್ತು ಇಲ್ಲಿನ ಬಹಳ ಜನ ಸೈನ್ಯದ ದಾರಿ ಕಾಯ್ತಿದ್ದರು ದೊಡ್ಡಪ್ಪಾ. ಲಂಕೆಯಲ್ಲಿ ಯಾರು ಕಾಯ್ತಿದ್ದರು? ತಮಿಳರಿಗೆ ಬೇಡವಾಯಿತು, ಸಿಂಹಳೀಯರಿಗಂತೂ ಮೊದಲೇ ಬೇಡ. ಪ್ರೇಮದಾಸ ಅಧ್ಯಕ್ಷರಾದ ಮೇಲೆ ಹೊರಡಿ ಅಂದೇಬಿಟ್ಟರು.

ಅಕ್ಕ: ಮತ್ತೆ ಆ ಐದು ದಿನದ ನಂತರ ಏನಾಯಿತು ಅಂತಾನೂ ಹೇಳಬೇಕು. ಆಮೇಲೆ ನಡೆದ ಹತ್ಯೆಗಳನ್ನು ನೋಡಿಬರಲು ದೆಹಲಿ ಕಳಿಸಿದ ಸುಂದರ್‌ಲಾಲ್ ಸಮಿತಿ ವರದಿಯಲ್ಲಿ ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳ ಹೆಸರಿದೆ. ಅದರಲ್ಲಿ ನಮ್ಮ ಕಲಬುರಗಿನೂ ಇದೆ, ಬೀದರೂ ಇದೆ.

(ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನೀಲಿ ಗೆರೆ ಮಾತ್ರ ಬಿತ್ತು. ಅಜ್ಜಿ ಇದ್ದಾಗಲೂ ಈ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದರು. ಹತ್ತು ನಿಮಿಷ ಬಿಟ್ಟು ದೊಡ್ಡಪ್ಪ ಬೇರೆ ಕಡೆಯಿಂದ ಬಂದರು. ಅವರ ಮಾತುಗಳಲ್ಲೆಲ್ಲ ಗಟ್ಟಿ ಇದ್ದದ್ದು ಇದೇ.)

ದೊಡ್ಡಪ್ಪ: ಹಾಗಾದರೆ 2009ರ ಮೇ ತಿಂಗಳಲ್ಲಿ ಲಂಕಾ ಸೈನ್ಯ ಅದೇ ಎಲ್‌ಟಿಟಿಇಯನ್ನು ಮುಗಿಸಲಿಲ್ಲವಾ? ಆಗಲ್ಲ ಅಂದಿದ್ದು ಆಯಿತಲ್ಲ?

ಅಕ್ಕ: ಆಯಿತು. ಆದರೆ ಅದು ಅವರ ನೆಲ ಅಪ್ಪಾ, ಅವರು ಎಲ್ಲಿಗೂ ವಾಪಸ್ ಹೋಗೋರಲ್ಲ. ಕೊನೆಯ ತಿಂಗಳುಗಳಲ್ಲಿ 40,000ದವರೆಗೆ ಸಾಮಾನ್ಯ ಜನ ಸತ್ತಿರಬಹುದು ಅಂತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿತು. ಆ ಲೆಕ್ಕ ನಮ್ಮ ಹೆಸರಿಗೆ ಬೇಕಿತ್ತಾ?

ದೊಡ್ಡಪ್ಪ: ನಾನು ಹಾಗಂದಿಲ್ಲ.

ಅಕ್ಕ: ಗೊತ್ತು. ಆದರೆ ಫಾರ್ವರ್ಡ್ ಮಾಡಿದವರು ಎಲ್ಲಿಗೆ ನಿಲ್ಲಿಸಬೇಕು ಅಂತಾನೂ ಹೇಳಬೇಕಲ್ಲ. 1968ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಇನ್ನೂ 2,06,000 ಅಮೆರಿಕನ್ ಸೈನಿಕರು ಬೇಕು ಅಂತ ಬೇಡಿಕೆ ಬಂತು. ಅಲ್ಲಿ ಆಗಲೇ 5 ಲಕ್ಷ ಇದ್ದರು. ಅಮೆರಿಕದ ಹೊಸ ರಕ್ಷಣಾ ಮಂತ್ರಿ ಕ್ಲಾರ್ಕ್ ಕ್ಲಿಫರ್ಡ್ ಯುದ್ಧದ ಪರ ಇದ್ದವರೇ. ಇಷ್ಟು ಕೊಟ್ಟರೆ ಸಾಕಾ ಅಂತ ಅವರು ಜನರಲ್‌ಗಳನ್ನು ಕೇಳಿದರು. ಸಾಕು ಅಂತ ಯಾರೂ ಹೇಳಲಿಲ್ಲ. ಅಲ್ಲಿಂದ ಅವರ ಮನಸ್ಸು ತಿರುಗಿತು.

ನಾನು: ನಮ್ಮವರೂ ಒಂದು ಸಲ ಮೊದಲೇ ಕೇಳಿಕೊಂಡಿದ್ದಾರೆ. 2003ರಲ್ಲಿ ಇರಾಕ್‌ಗೆ ಒಂದು ಡಿವಿಷನ್ ಕಳಿಸಿ ಅಂತ ಅಮೆರಿಕ ಕೇಳಿತು. ಜುಲೈ 14ಕ್ಕೆ ವಾಜಪೇಯಿ ಸರ್ಕಾರ ಆಗಲ್ಲ ಅಂದಿತು.

ದೊಡ್ಡಪ್ಪ: ನೀವೆಲ್ಲ ಪುಸ್ತಕದ ಜನ. ಅಲ್ಲಿ ಇದ್ದವರೊಬ್ಬರು ಈ ಗುಂಪಿನಲ್ಲಿದ್ದಾರೆ. ಅವರು ಹೇಳಲಿ.

(ಮಾಮಾ, ಅಂದರೆ ಅತ್ತೆಯ ಗಂಡ, 54ನೇ ಡಿವಿಷನ್‌ನಲ್ಲಿ ಲಾರಿ ಡ್ರೈವರ್ ಆಗಿದ್ದರು. ಶಾಲೆಯಲ್ಲಿ ದೊಡ್ಡಪ್ಪನ ಶಿಷ್ಯರು, ಈಗಲೂ "ಸರ" ಅಂತಲೇ ಕರೆಯುತ್ತಾರೆ. ಗುಂಪಿನಲ್ಲಿ ಹಬ್ಬಕ್ಕೊಂದು ಶುಭಾಶಯ ಬಿಟ್ಟರೆ ಏನೂ ಬರೆಯುವವರಲ್ಲ. ಅವತ್ತು ಬಹಳ ಹೊತ್ತು "ಟೈಪ್ ಮಾಡುತ್ತಿದ್ದಾರೆ" ಅಂತ ತೋರಿಸುತ್ತಲೇ ಇತ್ತು.)

ಮಾಮಾ: ಸರ, ಬರೆಯೋದು ನನಗೆ ಅಷ್ಟಕ್ಕಷ್ಟೇ. ತಪ್ಪಿದ್ದರೆ ಮಾಫ್ ಮಾಡಿ. ನಾವು ಇಳಿದಾಗ ಜಾಫ್ನಾ ಕಡೆ ಜನ ಹಾರ ಹಾಕಿದರು, ಎಳನೀರು ಕೊಟ್ಟರು. ಎರಡು ತಿಂಗಳಾದ ಮೇಲೆ ಅದೇ ರಸ್ತೆಯಲ್ಲಿ ಲಾರಿ ಮುಂದೆ ಇಬ್ಬರು ನೆಲ ನೋಡುತ್ತಾ ನಡೀಬೇಕಾಯಿತು.

ಮಾಮಾ: ಹೊಸ ಪಲ್ಟನ್ ಬಂದಾಗ ನಮಗೆ ಬಹಳ ಖುಷಿ. ಗೆಲ್ತೀವಿ ಅಂತ ಅಲ್ಲ ಸರ. ನಮ್ಮ ಬದಲಿಗೆ ಬಂದರು, ಇನ್ನು ಊರಿಗೆ ಹೋಗಬಹುದು ಅಂತ. ಆದರೆ ಅವರಿಗೆ ಬೇರೆ ಊರು ಹಂಚಿದರು. ಒಂದು ಪೋಸ್ಟ್ ಇದ್ದಲ್ಲಿ ಮೂರಾಯಿತು. ಪೋಸ್ಟ್ ಅಂದರೆ ಹಿಟ್ಟು, ನೀರು, ಸೀಮೆಎಣ್ಣೆ, ಟಪಾಲು ಹೋಗಲೇಬೇಕು. ಮೊದಲು ವಾರಕ್ಕೆ ಎರಡು ಸಲ ಹೋಗ್ತಿದ್ದೆ. ಆಮೇಲೆ ದಿನಾ. ನೆಲದಲ್ಲಿ ಹುಗಿದು ಇಡೋರಿಗೆ ನಮ್ಮ ಟೈಮು ಗೊತ್ತಾಗದೆ ಇರುತ್ತಾ? ನನ್ನ ಮುಂದಿನ ಲಾರಿ ಹಾಗೇ ಹೋಯಿತು. ಅದನ್ನ ಬರೆಯಲ್ಲ.

ದೊಡ್ಡಪ್ಪ: ಅಂದರೆ ಬಿಟ್ಟು ಬಂದಿದ್ದು ಸರಿ ಅನ್ನಿಸಿತಾ?

ಮಾಮಾ: ಹಡಗು ಹತ್ತಿದಾಗ ಸರಿ ಅನ್ನಿಸಿತು. ಮದ್ರಾಸ್‌ನಲ್ಲಿ ಇಳಿದಾಗ, ಸತ್ತವರ ಮನೆಯವರಿಗೆ ಏನು ಹೇಳಲಿ ಅನ್ನಿಸಿತು. ಎರಡೂ ಖರೇ ಸರ.

ತಮ್ಮ: ಒಟ್ಟು ಸುಮಾರು 1,200 ಜನ ಅಲ್ವಾ ಮಾಮಾ?

ಮಾಮಾ: ನಾನು ಎಣಿಸಿಲ್ಲಪ್ಪ. ನನಗೆ ಹೆಸರು ಗೊತ್ತಿದ್ದವರು ಆರು ಮಂದಿ.

(ದೊಡ್ಡಪ್ಪ ಫಾರ್ವರ್ಡ್ ಅಳಿಸಲಿಲ್ಲ. ತಪ್ಪಾಯಿತು ಅಂತಲೂ ಅನ್ನಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.)

ಚಿಗವ್ವ: ಎಲ್ಲಾ ಓದಿದೆ. ಈಗಲಾದರೂ ಹೇಳಿ. ಭಜ್ಜಿಗೆ ಕಾಯಿಪಲ್ಯ ತರಬೇಕು, ಸಜ್ಜೆ ಹಿಟ್ಟು ಬೀಸಿಸಬೇಕು.

ದೊಡ್ಡಪ್ಪ: ನಾವು 4.

ಅಕ್ಕ: ಬೀದರ್‌ನಿಂದ 3. ಅಪ್ಪಾ, ನಿಮ್ಮ 4ರಲ್ಲಿ ನಮ್ಮನ್ನೂ ಸೇರಿಸಿಲ್ಲ ತಾನೆ?

ದೊಡ್ಡಪ್ಪ: ಸೇರಿಸಿದ್ದೆ. ಹಾಗಾದರೆ ನಾನೊಬ್ಬ.

ತಮ್ಮ: ರಜೆ ಸಿಕ್ಕರೆ 2, ಇಲ್ಲದಿದ್ದರೆ 0.

ಮಾಮಾ: ನಾವಿಬ್ಬರು. ಪಾತ್ರೆ, ಸಾಮಾನು ಒಯ್ಯೋಕೆ ಟ್ರ್ಯಾಕ್ಟರ್ ನಾನು ಹೊಡೀತೀನಿ.

ಚಿಗವ್ವ: ಸರಿ. ಇನ್ನೂ ಬರೋರಿದ್ದರೆ ಇವತ್ತೇ ಹೇಳಿ. ನಾಳೆ ಹೇಳಿದರೆ ರೊಟ್ಟಿ ಸಿಗಲ್ಲ.